ಫಿನಾಯಿಲಕ್ಕನ ಮೂಗು

ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನೆಲ ಒರೆಸಿದ ಆಕೆಯನ್ನು ಎಲ್ಲರೂ ಫಿನಾಯಿಲಕ್ಕ ಎಂದೇ ಕರೆಯುತ್ತಿದ್ದರು. ಅವಳ ಪಾಳಿ ಇದ್ದ ದಿನ ವಾರ್ಡಿನೊಳಗೆ ನೊಣ ಕೂಡ ಹೆದರಿ ಬರುತ್ತಿರಲಿಲ್ಲ ಅನ್ನುವ ಮಾತಿತ್ತು. ಮೂಗೂ ಅಷ್ಟೇ ಚುರುಕು. ಒಮ್ಮೆ ಕಾಲು ಮುರಿದು ಮಲಗಿದ್ದ ಗಾರೆಯವನ ಮಂಚದಡಿ ಒರೆಸುತ್ತಿದ್ದವಳು ತಟ್ಟನೆ ಎದ್ದು ನಿಂತಳು.

"ಸಿಸ್ಟರ್, ಈ ಪಟ್ಟಿ ಬಿಚ್ಚಿ ನೋಡಿ. ಒಳಗೆ ಏನೋ ಕೆಟ್ಟಿದೆ."

ನರ್ಸು ಮೂಗು ಮುರಿಯುತ್ತಲೇ ಬಿಚ್ಚಿದಳು. ಗಾಯ ಕೀವುಗಟ್ಟಿತ್ತು. ಅಂದು ಗಾರೆಯವನ ಕಾಲು ಉಳಿಯಿತು.

ನಿವೃತ್ತಿಯಾದ ಮೇಲೆ ಅವಳು ಮಗಳ ಮನೆ ಸೇರಿದಳು. ಮಗಳು ಬಸ್ ಕಂಡಕ್ಟರ್. ಅಳಿಯ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಎಂಟು ತಿಂಗಳ ಮೊಮ್ಮಗಳು ಹಗಲೆಲ್ಲ ಅಜ್ಜಿಯ ಮಡಿಲಲ್ಲಿ.

ಆ ಮನೆಯ ಅಡುಗೆಕೋಣೆಗೆ ಎಳ್ಳುಕಾಳಿನಷ್ಟು ಸಣ್ಣ ನೊಣಗಳು ಬಂದವು. ಮೊದಲು ನಲ್ಲಿಯ ಸುತ್ತ, ಆಮೇಲೆ ಲೋಟದ ಅಂಚಿಗೆ, ಕಡೆಗೆ ಮಗುವಿನ ಹಾಲಿನ ಬಾಟಲಿಗೂ ಮುತ್ತಿದವು. ಫಿನಾಯಿಲಕ್ಕನಿಗೆ ಮಾನ ಹೋದಂತಾಯಿತು. ಸಿಂಕಿನ ಕೊಳವೆಗೆ ಕುದಿನೀರು ಸುರಿದಳು. ಕಸದ ಡಬ್ಬಿ ಉಜ್ಜಿ ಬಿಸಿಲಿಗಿಟ್ಟಳು. ಲೋಟಗಳಲ್ಲಿ ವಿನೆಗರ್ ಹಾಕಿ, ಎರಡು ಹನಿ ಸೋಪು ಬೆರೆಸಿ ಮೂಲೆಮೂಲೆಗೂ ಇಟ್ಟಳು. ಬೆಳಗ್ಗೆ ಲೋಟದಲ್ಲಿ ಇಪ್ಪತ್ತು ಸತ್ತಿದ್ದರೆ ಮಧ್ಯಾಹ್ನಕ್ಕೆ ನಲವತ್ತು ಹಾರಾಡುತ್ತಿದ್ದವು.

"ಎಲ್ಲಿಂದ ಹುಟ್ಕೊಂಡು ಬರ್ತಾವೋ ಹಾಳಾದವು!"

ಎರಡು ದಿನ ದೂರದ ರೂಟಿಗೆ ಹೋಗಿದ್ದ ಮಗಳು ಯೂನಿಫಾರಂನಲ್ಲೇ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಏನಿದು ವಾಸನೆ?"

"ಯಾವ ವಾಸನೆ?"

ಮಗಳು ಹಿಟ್ಟಿನ ಡಬ್ಬವನ್ನು ಸರಿಸಿದಳು. ಹಿಂದೆ ಬಿದ್ದಿದ್ದ ಚೀಲದಲ್ಲಿ ಆಲೂಗಡ್ಡೆ ಕರಗಿ ಕಪ್ಪು ನೀರಾಗಿತ್ತು. ಅದರ ತುಂಬ ಹುಳ ಮಿಜಿಗುಡುತ್ತಿದ್ದವು. ಅಮ್ಮ ದಿನವಿಡೀ ಕೂರುವ ಮಣೆಯಿಂದ ಅದು ಒಂದು ಮೊಳ ದೂರ.

"ಇಷ್ಟು ಹತ್ರ ಕೂತ್ಕೊಂಡೂ ಗೊತ್ತಾಗ್ಲಿಲ್ವಾ? ಮಗು ಅಂಬೆಗಾಲಿಡೋ ಜಾಗ ಇದು!"

ಫಿನಾಯಿಲಕ್ಕ ಮಗಳನ್ನು ಹತ್ತಿರ ಬಿಡದೆ ಚೀಲವನ್ನು ತಾನೇ ಹೊರಗೆಸೆದು ಬಂದಳು. ಮಂಡಿಯೂರಿ ನೆಲವನ್ನು ಮೂರು ಸಲ ತಿಕ್ಕಿದಳು. ಆಮೇಲೆ ಗೋಡೆಗೊರಗಿ ಕುಳಿತಳು.

"ನಂಗೆ ವಾಸನೆ ಬರಲ್ಲ ಕಣೇ. ಎರಡು ವರ್ಷ ಆಯ್ತು. ಆ ಜ್ವರ ಬಂದಿತ್ತಲ್ಲ, ಅದರಿಂದ ಎದ್ದಾಗಿನಿಂದ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮಗೂನ ನನ್ ಕೈಗೆ ಬಿಡ್ತಿದ್ಯಾ?"

ಮಗಳ ಕಣ್ಣು ಗ್ಯಾಸ್ ಸಿಲಿಂಡರಿನತ್ತ ಹೋಯಿತು. ಅಮ್ಮನ ಕಣ್ಣೂ ಅಲ್ಲಿಗೇ ಹೋಯಿತು.

ಮರುದಿನವೇ ಗೋಡೆಗೆ ಗ್ಯಾಸ್ ಸೋರಿದರೆ ಕೂಗುವ ಯಂತ್ರ ಬಂತು. ಪಕ್ಕದ ಮನೆಯ ಟೈಲರಮ್ಮ ದಿನಕ್ಕೆರಡು ಸಲ ಇಣುಕಿ ಹೋಗಲು ಒಪ್ಪಿದಳು. ತನ್ನ ಅಡುಗೆಕೋಣೆಯನ್ನು ಇನ್ನೊಬ್ಬರು ಮೂಸಿ ನೋಡುವುದು ಫಿನಾಯಿಲಕ್ಕನಿಗೆ ನುಂಗಲಾರದ ತುತ್ತು. ಆದರೂ ನುಂಗಿದಳು. ನೊಣಗಳು ಕಡಿಮೆಯಾಗುತ್ತ ಬಂದು ಹನ್ನೆರಡು ದಿನಕ್ಕೆ ಒಂದೂ ಉಳಿಯಲಿಲ್ಲ.

ಒಂದು ಸಂಜೆ ಮಗಳು ಮಗುವಿಗೆ ಸ್ನಾನ ಮಾಡಿಸಿ, ಅದರ ನೆತ್ತಿಗೆ ಮೂಗು ತಾಗಿಸಿದಳು. ಅಮ್ಮ ಅದನ್ನೇ ನೋಡುತ್ತಿದ್ದಳು.

"ಹೇಗಿರುತ್ತೆ ಅದರ ವಾಸನೆ? ಅದು ಹುಟ್ಟೋ ಹೊತ್ತಿಗೆ ನನ್ ಮೂಗು ಹೋಗಿತ್ತು."

ಮಗಳು ಕಣ್ಣು ಮುಚ್ಚಿ ಮತ್ತೆ ಮೂಸಿದಳು.

"ಬಿಸಿಲಲ್ಲಿ ಒಣಗಿದ ಬಟ್ಟೆ ಥರ... ಅಲ್ಲ, ಅದಕ್ಕಿಂತ ಬೆಚ್ಚಗೆ. ಜೊತೆಗೊಂಚೂರು ಹುಳಿಹಾಲು."

"ನೀನೂ ಹಾಗೇ ಇದ್ದೆ," ಎಂದು ಫಿನಾಯಿಲಕ್ಕ ಮಗುವಿಗಾಗಿ ಕೈಚಾಚಿದಳು.