ತೊಟ್ಟು ಮುರಿದ ಎಲೆ

ಆ ಶನಿವಾರ ನಮ್ಮ ಪ್ರಯೋಗಾಲಯದ ಅಕ್ಕೋರ ಬಲಗೈಯ ಮೂರು ಬೆರಳುಗಳ ತುದಿ ಕಪ್ಪು ಹಸಿರಾಗಿತ್ತು. ಕೈಗವಸು ಹರಿದು, ವೀಳ್ಯದೆಲೆಯ ಸಾರ ಒಳಗೆ ಇಳಿದಿತ್ತು. ಸೋಪು, ನಿಂಬೆಹೋಳು, ಸ್ಪಿರಿಟ್ಟು ಯಾವುದಕ್ಕೂ ಬಿಡಲಿಲ್ಲ.

"ಇರ್ಲಿ ಬಿಡ್ರಿ. ಮದುವಿ ಮನ್ಯಾಗ ಮೆಹಂದಿ ಹಚ್ಚಿಸ್ಕೊಂಡು ಬಂದಾಳ ಅಂತ ತಿಳ್ಕೋತಾರ ಬಸ್ಸಿನ್ಯಾಗ," ಎಂದು ನಕ್ಕರು.

ಅವತ್ತು ಮುಲಾಮಿನ ಡಬ್ಬಿಗಳಿಗೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಿದ್ದೆವು. ಮುಲಾಮನ್ನು ರೋಗಿಗಳಿಗೆ ಹಚ್ಚಿ ನೋಡಲು ಒಪ್ಪಿಗೆ ಕೊಡುವ ಆಸ್ಪತ್ರೆಯ ಸಮಿತಿಗೆ ಕೊಡಬೇಕಾದ ಫೈಲು ಮೇಜಿನ ಮೇಲಿತ್ತು.

"ಸೋಮವಾರ ಹೋಗಿ ಕೊಟ್ಟು ಬರೋಣು. ನೀವೂ ಬರ್ರಿ."

"ನಾ ಯಾಕ್ರಿ ಅಕ್ಕೋರ? ಅಲ್ಲಿ ನನಗೇನ್ ತಿಳಿತೈತಿ?"

"ಎಲಿ ಬಗ್ಗೆ ಕೇಳಿದ್ರ ನಾ ಏನ್ ಹೇಳ್ಲಿ? ಅದಕ್ಕ ನೀವ ಬೇಕು."

ಸವಣೂರಿನ ಬಸ್ಸು ಬಂತು. ಹತ್ತಿ ಹೋದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಳಿತವರು, ಹುಬ್ಬಳ್ಳಿ ಮುಟ್ಟುವುದರೊಳಗೆ ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದಾಗ ನಾನು ಮುಖ ನೋಡುವ ಮೊದಲು ಆ ಬೆರಳುಗಳನ್ನೇ ನೋಡಿದೆ. ಬಣ್ಣ ಹಾಗೆಯೇ ಇತ್ತು.

ಕಾಲೇಜಿನಲ್ಲಿ ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ನಾನೊಬ್ಬಳು ಮಾತ್ರ ಅಕ್ಕೋರ ಅನ್ನುತ್ತಿದ್ದೆ. ಹತ್ತಿಮತ್ತೂರಿನ ಶಾಲೆಯಲ್ಲಿ ನಮಗೆ ಕಲಿಸಿದವರನ್ನೆಲ್ಲ ಹಾಗೇ ಕರೆದವಳು ನಾನು, ಬಾಯಿಗೆ ಬೇರೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಗಂಡ ತೀರಿಹೋದ ಮೇಲೆ ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದ್ದೆ. ಕಾಯಂ ಕೆಲಸವಲ್ಲ. ಪ್ರತಿ ವರ್ಷ ಜೂನ್ ಬಂತೆಂದರೆ ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಹೆದರುತ್ತಿದ್ದೆ.

ಅಕ್ಕೋರದು ಸವಣೂರಿನ ಮಠದ ಓಣಿಯ ಮನೆತನ. ಅವರ ತಂದೆ ದೊಡ್ಡ ಸಂಸ್ಕೃತ ಪಂಡಿತರಂತೆ. ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿಗೆ ಆದ ಸಣ್ಣ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕಡೆಗೆ ಮೊಣಕಾಲಿನವರೆಗೆ. ಅಕ್ಕೋರು ಆಗ ಫಾರ್ಮಸಿ ಎರಡನೇ ವರ್ಷದಲ್ಲಿದ್ದರು. ಈ ಸಂಗತಿಯನ್ನು ನನಗೆ ಒಮ್ಮೆ ಮಾತ್ರ ಹೇಳಿದರು, ಅದೂ ಹನಿ ಅಳೆಯುವ ಬ್ಯುರೆಟ್ಟಿನಿಂದ ಕಣ್ಣು ತೆಗೆಯದೆ. ಅಂಥ ಗಾಯಕ್ಕೆ ಒಂದು ಮುಲಾಮು ಮಾಡಬೇಕು, ಅದು ನಮ್ಮ ಸವಣೂರಿನ ಎಲೆಯಿಂದಲೇ ಆಗಬಹುದು ಎಂಬುದು ಅವರ ಹನ್ನೆರಡು ವರ್ಷದ ಕೆಲಸ.

ಎಲೆ ತರಲು ನಾನೂ ಅವರೂ ತೋಟಕ್ಕೆ ಹೋಗುತ್ತಿದ್ದೆವು. ಎಲೆತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ಅಕ್ಕೋರು ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಇಳಿಯುತ್ತಿದ್ದರು. ಹತ್ತಿಪ್ಪತ್ತು ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ಎಲೆ ಕೀಳಿಸುತ್ತಿದ್ದರು. "ಒಂದ ಬಳ್ಳಿ ಛಲೋ ಅದ ಅಂತ ಅದನ್ನಷ್ಟ ತಗೊಂಡ್ರ, ನಾವು ನಮಗ ಮೋಸ ಮಾಡ್ಕೊಂಡಂಗ," ಎನ್ನುತ್ತಿದ್ದರು. ತೋಟದ ಮಾಲೀಕರಾದ ಸಾಹೇಬರಿಗೆ ಇದು ತಮಾಷೆ. "ಕ್ಯಾ ಬಾಯೀ, ಎಲಿ ತಿನ್ನಾಕೂ ಇಲ್ಲ, ಪೂಜಾಕೂ ಇಲ್ಲ. ಅರದು ಸೀಸೆದಾಗ ತುಂಬ್ತೀರಂತ. ಸವಣೂರ ನವಾಬಗೂ ಇಂಥ ಶೋಕಿ ಇರಲಿಲ್ಲರಿ!"

ಎಲೆಯನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಪುಡಿ ಮಾಡುವುದು ನನ್ನ ಕೆಲಸ. ಅದೆಲ್ಲ ಹಿಂದಿನ ಖೋಲಿಯಲ್ಲಿ ನಡೆಯುತ್ತಿತ್ತು. ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ಸಾರ ಇಳಿಸುವುದು ಅಕ್ಕೋರ ಕೆಲಸ. ಗಾಯವನ್ನು ಕೊಳೆಸುವ ಸೂಕ್ಷ್ಮಾಣುಗಳನ್ನು ಚಪ್ಪಟೆ ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಸಾರದ ಒಂದು ಹನಿ ಇಡುತ್ತಿದ್ದರು. ಮರುದಿನ ಹನಿಯ ಸುತ್ತ ಸೂಕ್ಷ್ಮಾಣುಗಳು ಸತ್ತು ಬಟಾಬಯಲಾದ ಒಂದು ಉಂಗುರ ಕಾಣುತ್ತಿತ್ತು. ಉಂಗುರ ಅಗಲವಾದಷ್ಟೂ ಔಷಧಿಗೆ ಬಲ ಹೆಚ್ಚು. ಅಳೆಯುವಾಗ ತಟ್ಟೆಯ ಹೆಸರು ಕಾಣದಂತೆ ಕಾಗದ ಅಂಟಿಸಿ ನನ್ನಿಂದಲೂ ಒಮ್ಮೆ ಅಳೆಸುತ್ತಿದ್ದರು. "ನನ್ನ ಕಣ್ಣು ಆಸೆಬುರುಕ ಅದ. ಬೇಕಾದ್ದನ್ನ ತೋರಸ್ತದ," ಎನ್ನುತ್ತಿದ್ದರು.

ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಉಂಗುರ ಅಗಲವಾಗಿಯೇ ಬಂತು. ಅಕ್ಕೋರು ಲೇಖನ ಬರೆದರು, ಆಸ್ಪತ್ರೆಯ ಫೈಲು ಸಿದ್ಧ ಮಾಡತೊಡಗಿದರು. ಆಗಲೇ ನನ್ನ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ಒಂದೂವರೆ ತಿಂಗಳು ರಜೆ ಹಾಕಿದೆ. ತಿರುಗಿ ಬಂದಾಗ ಪ್ರಯೋಗಾಲಯ ಸೂತಕದ ಮನೆಯಂತಿತ್ತು. ನಾನಿಲ್ಲದಾಗ ಮಾಡಿದ ಎರಡು ಸಲವೂ ಉಂಗುರ ಅರ್ಧಕ್ಕೆ ಇಳಿದಿತ್ತು. ಆಲ್ಕೋಹಾಲ್ ಬದಲಿಸಿ ನೋಡಿದ್ದರು, ಉಷ್ಣತೆ ನೋಡಿದ್ದರು. ಮಳೆಗಾಲದ ಎಲೆಯ ದೋಷವಿರಬಹುದು ಎಂದುಕೊಂಡಿದ್ದರು. ಅಕ್ಕೋರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಹಿಂದಿನ ಖೋಲಿಗೆ ಹೋದೆ. ಅಕ್ಕೋರ ಬಳಿ ಸಂಶೋಧನೆ ಮಾಡುತ್ತಿದ್ದ ಹಾನಗಲ್ಲಿನ ಹುಡುಗಿ ಹೊಸ ಎಲೆ ಹರವಿದ್ದಳು. ಎಲ್ಲ ಎಲೆಗೂ ತೊಟ್ಟು ಹಾಗೇ ಇತ್ತು.

"ಇವನ್ನ ಯಾಕ ಮುರದಿಲ್ಲವಾ?"

"ಮುರೀಬೇಕೇನ್ರಿ ಆಂಟಿ? ಮೇಡಂ ಪುಸ್ತಕದಾಗ ಇಡೀ ಎಲಿ ಅಂತ ಬರದಾರಲ್ರಿ."

ಒಂದು ಎಲೆ ಎತ್ತಿಕೊಂಡೆ. ಪ್ರಯೋಗದ ವಿವರ ಬರೆದಿಡುವ ಆ ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾನು ಓದಿರಲಿಲ್ಲ. ನಮ್ಮ ಮನೆಯಲ್ಲಿ ಎಲೆ ಕೈಗೆ ಬಂದರೆ ಮೊದಲು ತೊಟ್ಟು ಮುರಿಯಬೇಕು, ತುದಿ ಚಿವುಟಬೇಕು. ಅತ್ತೆಗೆ ಹಲ್ಲಿಲ್ಲ, ಅವಳಿಗೆಂದು ಎಲೆಯ ಬೆನ್ನಿನ ನಾರನ್ನೂ ಸೀಳಿ ತೆಗೆಯಬೇಕು. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಮಾಡಿದ ಕೆಲಸ. ಆ ನಾಲ್ಕು ಸಲವೂ ನನ್ನ ಕೈ ಅದನ್ನೇ ಮಾಡಿತ್ತು, ಬಾಯಿ ಹೇಳಿರಲಿಲ್ಲ. ಅಕ್ಕೋರ ಕೈಗೆ ಹೋಗುತ್ತಿದ್ದುದು ಬರೀ ಪುಡಿ.

ಎರಡು ದಿನ ಸುಮ್ಮನಿದ್ದೆ. ಹೇಳಿದರೆ ಅವರು ಬರೆದದ್ದೆಲ್ಲ ಸುಳ್ಳಾಗುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಸುಲಭವಿತ್ತು. ಇನ್ನು ಮುಂದೆ ನಾನೇ ತೊಟ್ಟು ಮುರಿದು ಕೊಟ್ಟರೆ ಉಂಗುರ ಮತ್ತೆ ಅಗಲವಾಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೂರನೇ ದಿನ ಊಟದ ಹೊತ್ತಿಗೆ ಅಕ್ಕೋರು ಡಬ್ಬಿ ಬಿಚ್ಚದೆ ಕುಳಿತಿದ್ದನ್ನು ನೋಡಿ ತಡೆಯಲಾಗಲಿಲ್ಲ.

"ಅಕ್ಕೋರ, ತಪ್ಪಾಗೇತ್ರಿ. ನಾ ಎಲಿ ತೊಟ್ಟು ಮುರೀತಿದ್ನಿರಿ."

ಅವರು ಊಟದ ಡಬ್ಬಿಯನ್ನು ಬದಿಗೆ ಸರಿಸಿದರು. ಆಮೇಲೆ ಎದ್ದು ನನ್ನನ್ನು ತಮ್ಮ ಕುರ್ಚಿಯ ಮೇಲೆ ಕೂಡ್ರಿಸಿ, ಒಂದು ಕವಳಿಗೆ ಎಲೆ ತಂದು ಮುಂದಿಟ್ಟರು.

"ಹೆಂಗ್ ಮಾಡ್ತಿದ್ರಿ, ಮಾಡ್ರಿ. ನನ್ನ ಮಾರಿ ನೋಡಬ್ಯಾಡ್ರಿ, ಅತ್ತಿಗೆ ಮಾಡಿ ಕೊಟ್ಟಂಗ ಮಾಡ್ರಿ."

ಮಾಡಿದೆ. ನಾನು ಕಿತ್ತು ಹಾಕಿದ ತೊಟ್ಟು, ತುದಿ, ನಾರು ಎಲ್ಲವನ್ನೂ ಆಯ್ದು ತಕ್ಕಡಿಯಲ್ಲಿ ತೂಗಿ ಬರೆದುಕೊಂಡರು. ಹಳೆಯ ಪುಸ್ತಕ ತೆಗೆದು "ಇಡೀ ಎಲೆ" ಎಂದಿದ್ದಲ್ಲಿ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದರು. "ತಪ್ಪು ಅಳಿಸಬಾರದು. ಏನ್ ತಪ್ಪಿತ್ತು ಅಂತ ಮುಂದಿನವ್ರಿಗೆ ಓದ್ಲಿಕ್ಕೆ ಬರಬೇಕು," ಎಂದರು. ನಾನು ಅಳುತ್ತಿದ್ದೆ. "ನೀವ್ಯಾಕ ಅಳ್ತೀರಿ? ಹಿಂದಿನ ಖೋಲಿಗೆ ಒಂದ್ ದಿನಾನೂ ಬಂದು ನೋಡದಾಕಿ ನಾನು. ಓದಿದಾಕಿ ನಾನು."

ಲೇಖನ ಕಳಿಸಲಿಲ್ಲ. ಆಸ್ಪತ್ರೆಯ ಫೈಲೂ ನಿಂತಿತು. ಪಕ್ಕದ ವಿಭಾಗದ ಸರ್ ಒಬ್ಬರು ಬಾಗಿಲಲ್ಲೇ ನಿಂತು ಚುಚ್ಚಿದರು: "ಏನ್ರಿ ಮೇಡಂ, ಒಂದ್ ಎಲಿ ತೊಟ್ಟಿಗೆ ಒಂದ್ ವರ್ಷ ಹಿಂದಕ್ಕ ಹೋಗ್ತೀರಾ? ಯಾರ್ ನೋಡಾಕ್ ಬರ್ತಾರ?"

"ಹೌದ್ರಿ ಸರ್, ಹೋಗ್ತೀನಿ," ಎಂದರು ಅಕ್ಕೋರು. "ನಾವ್ ಹಚ್ಚೋದು ಮಂದಿ ಕಾಲಿಗೆ."

ಹದಿನಾಲ್ಕು ತಿಂಗಳು ಹಿಡಿಯಿತು. ತೊಟ್ಟಿರುವ ಎಲೆ ಒಂದು ಕಡೆ, ತೊಟ್ಟಿಲ್ಲದ್ದು ಒಂದು ಕಡೆ, ಬರೀ ತೊಟ್ಟು ನಾರು ಇನ್ನೊಂದು ಕಡೆ. ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು. ಪ್ರತಿ ಸಲ ಅಕ್ಕೋರು ಹಿಂದಿನ ಖೋಲಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ಎಲೆ ಬಿಡಿಸಿದರು. ಅವರಿಗೆ ನಾರು ಸೀಳಲು ಬರುತ್ತಿರಲಿಲ್ಲ, ಎಲೆ ಹರಿಯುತ್ತಿತ್ತು. "ಪಿಎಚ್‌ಡಿ ಮಾಡಿದ್ರೂ ನಿಮ್ಮತ್ತಿ ಮನ್ಯಾಗ ನಾ ಬಾಳ್ವಿ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ ನೋಡ್ರಿ," ಎಂದರೆ ಹಾನಗಲ್ಲಿನ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಶನಿವಾರ ಸವಣೂರಿನ ಖಾರ, ಅಲ್ಲಿಯ ಹೆಸರಾದ ಕುರುಕಲು, ತರುತ್ತಿದ್ದರು. ಪ್ರಯೋಗಾಲಯದೊಳಗೆ ಒಂದು ಕಾಳನ್ನೂ ತಿನ್ನಲು ಬಿಡದೆ, ಬೇವಿನ ಗಿಡದ ಕೆಳಗೆ ಕರೆದೊಯ್ದು ಹಂಚುತ್ತಿದ್ದರು.

ಕಡೆಗೆ ತಿಳಿಯಿತು. ತೊಟ್ಟಿನಲ್ಲಿ, ನಾರಿನಲ್ಲಿ ಬಲವೇ ಇರಲಿಲ್ಲ. ಅವು ಸೇರಿದರೆ ಪುಡಿಯ ತೂಕ ಹೆಚ್ಚುತ್ತಿತ್ತು, ಸಾರ ತೆಳುವಾಗುತ್ತಿತ್ತು, ಒಮ್ಮೆ ಒಂದು ತರಹ ಇನ್ನೊಮ್ಮೆ ಒಂದು ತರಹ ಆಗುತ್ತಿತ್ತು. ಬರೀ ಎಲೆಯದು ಯಾವ ಕಾಲದಲ್ಲೂ ಹೆಚ್ಚುಕಡಿಮೆ ಒಂದೇ ಸಮ ಬಂತು. ಅಕ್ಕೋರು ಎಲೆ ಬಿಡಿಸುವ ರೀತಿಯನ್ನು ಒಂದು ಪುಟದಷ್ಟು ಕನ್ನಡದಲ್ಲೇ ಬರೆದು ಗೋಡೆಗೆ ಅಂಟಿಸಿದರು, ಕೆಳಗೆ ನನ್ನ ಹೆಸರು ಹಾಕಿದರು. ಪ್ರಯೋಗಾಲಯದ ಗೋಡೆಯ ಮೇಲೆ ನಾನು ಓದಬಲ್ಲ ಮೊದಲ ಕಾಗದ ಅದು. ಆ ವರ್ಷದಿಂದ ಜೂನ್ ತಿಂಗಳಿಗೆ ನಾನು ಹೆದರಲಿಲ್ಲ.

ಅಕ್ಕೋರು ತೀರಿಕೊಂಡ ಹದಿನೈದನೇ ದಿನಕ್ಕೆ ನಾನೂ ಹಾನಗಲ್ಲಿನ ಹುಡುಗಿಯೂ ಫೈಲು ತೆಗೆದುಕೊಂಡು ಆಸ್ಪತ್ರೆಗೆ ಹೋದೆವು. ಸಮಿತಿಯ ವೈದ್ಯರು ಎಲೆಯ ಬಗ್ಗೆ ನಿಜವಾಗಿಯೂ ಕೇಳಿದರು. ತೊಟ್ಟು, ತುದಿ, ನಾರು ತೆಗೆಯುವುದನ್ನೆಲ್ಲ ಹೇಳಿದೆ. ಮುಂದೆ ನಾಲ್ಕು ಸಲ ಕಾಗದಪತ್ರ ಕೇಳಿ, ಕಡೆಗೆ ಒಪ್ಪಿಗೆ ಕೊಟ್ಟರು. ಈಗ ಕೆಲವೇ ಜನರ ಮೇಲೆ ಹಚ್ಚಿ, ಉರಿ ತುರಿಕೆ ಏನಾದರೂ ಬರುತ್ತದೆಯೇ ಎಂದು ನೋಡುತ್ತಿದ್ದಾರೆ. ಅಷ್ಟೇ, ಇದು ಮೊದಲ ಮೆಟ್ಟಿಲು. ಅವರಲ್ಲಿ ಚಿಕ್ಕೇರೂರಿನ ಒಬ್ಬ ಅಜ್ಜಿ ಇದ್ದಾಳೆ, ಹಿಮ್ಮಡಿಯಲ್ಲಿ ಎಂಟು ತಿಂಗಳ ಗಾಯ. ಕಳೆದ ವಾರ ಆಸ್ಪತ್ರೆಗೆ ಮುಲಾಮಿನ ಡಬ್ಬಿ ಕೊಡಲು ಹೋದಾಗ ಅವಳನ್ನು ಕಂಡೆ.

"ಹೆಂಗೈತವ್ವಾ?"

"ಉರಿ ಇಲ್ಲವಾ, ತಣ್ಣಗ ಅನಸ್ತೈತಿ. ದಂಡಿಗೆ ಕೆಂಪ್ ಚರ್ಮ ಬರಾಕತ್ತೈತಿ ಅಂತ ಡಾಕ್ಟರ್ ಅಂದ್ರು. ನನಗರ ಬಗ್ಗಿ ನೋಡಾಕ ಬರಂಗಿಲ್ಲ, ನೀನ ನೋಡಿ ಹೇಳು."

ಕುಳಿತು ನೋಡಿದೆ. ಗಾಯದ ಅಂಚಿನಲ್ಲಿ ಎಳೆಯ ಚರ್ಮ ಬಂದಿತ್ತು, ದಾರದಷ್ಟು. ಒಬ್ಬಳ ಕಾಲು ನೋಡಿ ಏನೂ ಹೇಳಬಾರದು, ಇನ್ನೂ ನೂರಾರು ಜನರ ಮೇಲೆ ನೋಡಬೇಕು, ವರ್ಷಗಳು ಬೇಕು. ಅದು ನನಗೂ ಗೊತ್ತು. ಆದರೂ ಶಿಗ್ಗಾಂವಿ ದಾಟುವವರೆಗೆ ಬಸ್ಸಿನಲ್ಲಿ ನಗುತ್ತಲೇ ಬಂದೆ. ಈ ವಿಷಯ ಹೇಳಬೇಕಿದ್ದದ್ದು ಒಬ್ಬರಿಗೆ. ಅವರಿಗೆ ಹೇಳಲು ಆಗಲಿಲ್ಲ.