ಹೆಣಿಗೆಯವನ ರಜೆ

ಊರಿಗೆ ಹೊರಡುವ ದಿನ ಎಲ್ಲರ ಮನೆಯಲ್ಲೂ ಮೊದಲು ಬಟ್ಟೆ ಮಡಚಿಡುತ್ತಾರೆ. ನಾನು ಮೊದಲು ಉಲ್ಲನ್ ಉಂಡೆ ಆರಿಸುತ್ತೇನೆ. ಎರಡು ದಿನಕ್ಕೆ ಒಂದು ಉಂಡೆ ಸಾಕೋ, ಎರಡು ಬೇಕೋ, ಬಸ್ಸಿನ ಕುಲುಕಾಟಕ್ಕೆ ಬಿದಿರಿನ ಕಡ್ಡಿ ವಾಸಿಯೋ, ನುಣುಪಾದ ಉಕ್ಕಿನ ಕಡ್ಡಿ ವಾಸಿಯೋ ಎಂದು ಎಲ್ಲವನ್ನೂ ಮಂಚದ ಮೇಲೆ ಹರಡಿಕೊಂಡು ಕೂತಿರುವಾಗ ನನ್ನ ಹೆಂಡತಿ ಸುನಂದಾ ಬಾಗಿಲಲ್ಲಿ ನಿಂತು, "ಅಂಗಿ ಇಟ್ಕಂಡ್ರೇನು?" ಎಂದು ಕೇಳುತ್ತಾಳೆ. ಇಟ್ಟುಕೊಂಡಿರುವುದಿಲ್ಲ. ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ: ನಾನು ಐವತ್ತು ದಾಟಿದ ಗಂಡಸು, ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಮತ್ತು ಸ್ವೆಟರ್ ಹೆಣೆಯುತ್ತೇನೆ. ಬಳ್ಳಾರಿಯ ಬಿಸಿಲಿಗೆ ಸ್ವೆಟರೇ ಎಂದು ನಗುವವರು ನಗಲಿ. ಪುಷ್ಯ ಮಾಸದ ಬೆಳಗಿನಲ್ಲಿ ನೀರು ತುಂಬಿದ ಗದ್ದೆಯ ಬದುವಿನ ಮೇಲೆ ಒಮ್ಮೆ ನಿಂತು ಬಂದವರು ನಗುವುದಿಲ್ಲ.

ಇದು ಶೋಕಿಯಿಂದ ಹುಟ್ಟಿದ ಹವ್ಯಾಸವಲ್ಲ. ಆರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಬೆರಳುಗಳು ನನ್ನ ಮಾತಿಗೆ ಕೂಡಲಿಲ್ಲ. ಮಡಚಲು ಹೋದರೆ ಅರ್ಧದಾರಿಯಲ್ಲಿ ನಿಂತುಬಿಡುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಜನರ ತೋಳಿನಲ್ಲಿ ನರ ಹುಡುಕಿ ಸೂಜಿ ಇಳಿಸುವವನಿಗೆ ಬೆರಳು ಬಾರದಿದ್ದರೆ ಇನ್ನೇನು ಉಳಿಯಿತು? ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಮನೆಯ ರೋಜಮ್ಮ ನಿವೃತ್ತ ನರ್ಸು. ನಾನು ವರಾಂಡದಲ್ಲಿ ಕೂತು ರಬ್ಬರ್ ಚೆಂಡು ಹಿಚುಕುವುದನ್ನು ದಿನವೂ ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ಆ ತಾಯಿ ಒಂದು ದಿನ ಎರಡು ಕಡ್ಡಿ, ಒಂದು ಉಂಡೆ ತಂದು ನನ್ನ ತೊಡೆಯ ಮೇಲಿಟ್ಟರು. "ಚೆಂಡು ಹಿಚುಕಿದ್ರ ಏನೂ ಉಳಿಯಂಗಿಲ್ಲ. ಇದನ್ನ ಮಾಡ್ರಿ, ಕೊನೀಗೆ ಒಂದು ಟೊಪ್ಪಿಗಿಯಾದ್ರೂ ಉಳೀತೈತಿ," ಎಂದರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ನಾಲ್ಕು ತಿಂಗಳಲ್ಲಿ ಟೊಪ್ಪಿಗೆಯೂ ಆಯಿತು, ಕೈಯೂ ಬಂತು. ಅಲ್ಲಿಂದ ಈಚೆಗೆ ನನ್ನ ಬದುಕು ಎರಡು ಬಗೆಯ ಸೂಜಿಗಳ ನಡುವೆ ಹಂಚಿಹೋಗಿದೆ. ಜನ ಹೆದರುವ ಸೂಜಿ ನನಗೆ ಅನ್ನ ಕೊಡುತ್ತದೆ. ಯಾರೂ ಹೆದರದ ಸೂಜಿ ಬಿಡುವು ಕೊಡುತ್ತದೆ.

ಬಿಡುವು ಎಂದರೆ ದೊಡ್ಡ ಪ್ರವಾಸಗಳೆಂದು ತಿಳಿಯಬೇಡಿ. ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಸಿಗುವ ಅರ್ಧ ಗಂಟೆಯೂ ನನ್ನ ಲೆಕ್ಕದಲ್ಲಿ ಒಂದು ಪರಸ್ಥಳವೇ. ಹಕಾರ ಒಂದನ್ನು ಬಿಟ್ಟರೆ ಹೆಣಿಕೆಯೂ ಎಣಿಕೆಯೇ. ಕುಣಿಕೆ ಎಣಿಸುತ್ತ ಕೂತವನ ತಲೆಯಲ್ಲಿ ಬೇರೆ ಯಾವ ಚಿಂತೆಗೂ ಜಾಗವಿರುವುದಿಲ್ಲ. ತಿಂಗಳಿಗೊಂದು ಭಾನುವಾರ ನಾನೂ ಸುನಂದಾಳೂ ಬುತ್ತಿ ಕಟ್ಟಿಕೊಂಡು ಕುರುಗೋಡಿಗೆ ಹೋಗುತ್ತೇವೆ. ಅಲ್ಲಿಯ ಗುಡ್ಡದ ಬುಡದಲ್ಲಿ, ದೊಡ್ಡ ಬಂಡೆಯೊಂದರ ನೆರಳಿನಲ್ಲಿ ಚಾಪೆ ಹಾಸಿದರೆ ಸಂಜೆಯ ಬಸ್ಸಿನವರೆಗೆ ನಮ್ಮನ್ನು ಕೇಳುವವರಿಲ್ಲ. ಪ್ರಾಥಮಿಕ ಶಾಲೆಯ ಟೀಚರಾದ ಅವಳಿಗೆ ರಜೆ ಎಂದರೆ ನಿದ್ದೆ, ನನಗೆ ರಜೆ ಎಂದರೆ ಹೆಣಿಗೆ. ಇಬ್ಬರೂ ಮಾತಾಡದೆ ಒಂದೇ ಚಾಪೆಯ ಮೇಲೆ ಇಡೀ ದಿನ ಸುಖವಾಗಿರುವುದೂ ದಾಂಪತ್ಯದ ಒಂದು ಸಿದ್ಧಿಯೇ ಇರಬೇಕು.

ಆದರೆ ಒಂದು ಊರಿನಲ್ಲಿ ಮಾತ್ರ ನನ್ನ ಹೆಣಿಗೆಯ ಚೀಲ ಬಾಯಿ ತೆರೆಯುವಂತಿರಲಿಲ್ಲ. ಅದು ಸಿರುಗುಪ್ಪ ತಾಲೂಕಿನ ಕರೂರು, ಸುನಂದಾಳ ತವರು. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಬಸ್ಸಿನಲ್ಲಿ ಹೆಣೆಯಬಹುದಿತ್ತು. ಅಲ್ಲಿ ಬಸ್ಸು ಬದಲಿಸುವಾಗ ಅವಳು ಚೀಲವನ್ನು ಇಸಿದುಕೊಂಡು ತನ್ನ ಸೀರೆಗಳ ಅಡಿಯಲ್ಲಿ ಇಟ್ಟುಬಿಡುತ್ತಿದ್ದಳು. ಅವಳನ್ನು ಅಲ್ಪಳೆಂದು ಎಣಿಸಬೇಡಿ. ಮದುವೆಯ ಮಾತು ನಡೆದಾಗ ಅವಳ ಅಣ್ಣ ಈರಣ್ಣ, ಗಡಿಯಾಚೆ ಆಂಧ್ರದ ನೆಂಟರಲ್ಲಿ ಗದ್ದೆ ಇದ್ದವನನ್ನು ನೋಡಿಟ್ಟಿದ್ದ. ಅಂಗೈ ಅಗಲದ ಹೊಲವೂ ಇಲ್ಲದ ನನ್ನನ್ನು ಅವಳು ಹಟ ಹಿಡಿದು ಒಪ್ಪಿಕೊಂಡಳು. ಇಪ್ಪತ್ತು ವರ್ಷಗಳಿಂದ ಆ ಮನೆಯಲ್ಲಿ ನನ್ನ ಮರ್ಯಾದೆಯನ್ನು ಅವಳೊಬ್ಬಳೇ ಹೊತ್ತು ನಡೆದಿದ್ದಾಳೆ. "ಅಣ್ಣ ಒಂದು ಮಾತು ಅಂದ್ರ ನನಗ ತಡಿಯಾಕ ಆಗಂಗಿಲ್ಲರಿ," ಎಂದು ಒಮ್ಮೆ ಹೇಳಿದ್ದಳು. ಅದಾದ ಮೇಲೆ ನಾನು ವಾದಿಸಲಿಲ್ಲ.

ಕಳೆದ ದೀಪಾವಳಿಯ ಹಿಂದೆಮುಂದೆ ಮಾವ ತಿಪ್ಪಣ್ಣನವರಿಗೆ ಲಕ್ವಾ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಕಾಲು ಬೇಗ ಸುಧಾರಿಸಿತು, ಬಲಗೈ ಮಾತ್ರ ಒಣಗಿದ ಎಲೆಯಂತೆ ಒಳಕ್ಕೆ ಮುದುಡಿಕೊಂಡಿತು. ವಯಸ್ಸು ಎಪ್ಪತ್ತೈದರ ಮೇಲೆ. ಬುದ್ಧಿ ಬಂದಾಗಿನಿಂದ ಒಂದು ದಿನವೂ ಸುಮ್ಮನೆ ಕೂತವರಲ್ಲ. ಫಿಸಿಯೋಥೆರಪಿಯವರು ಕೊಟ್ಟ ಚೆಂಡನ್ನು ಎರಡು ದಿನ ಹಿಚುಕಿ, "ಇದೇನು ಸಣ್ಣ ಹುಡುಗರ ಆಟ," ಎಂದು ಅಂಗಳಕ್ಕೆ ಎಸೆದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟರು. ರೊಟ್ಟಿಯನ್ನು ಸೊಸೆ ಮುರಿದು ಎಡಗೈಗೆ ಕೊಡಬೇಕಿತ್ತು. ಯಾರಾದರೂ ಬಂದರೆ ಉಣ್ಣುವುದನ್ನೇ ನಿಲ್ಲಿಸುತ್ತಿದ್ದರು.

ಆ ಸುದ್ದಿಯ ಭಾರದಲ್ಲೇ ಡಿಸೆಂಬರಿನ ಒಂದು ಭಾನುವಾರ ಕುರುಗೋಡಿಗೆ ಹೋಗಿದ್ದೆವು. ಸುನಂದಾಳಿಗೆ ಆ ದಿನ ನಿದ್ದೆ ಬರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ನಡೆಯುತ್ತಲೇ ಕೈಯಲ್ಲಿ ಕದಿರು ತಿರುಗಿಸಿ ಉಣ್ಣೆ ನೂಲುತ್ತ ನಮ್ಮ ಬಂಡೆಯ ಕಡೆಗೆ ಬಂದರು. ನನ್ನ ಕೈಯಲ್ಲಿದ್ದ ಅರೆಬರೆ ಸ್ವೆಟರನ್ನು ನೋಡಿ, ಕೇಳದೆಯೇ ಬಗ್ಗಿ, ಅಂಚನ್ನು ಎರಡು ಬೆರಳಲ್ಲಿ ಹಿಸುಕಿದರು.

"ದಾರ ಪ್ಯಾಟಿದು. ಹೆಣಿಗಿ ಬಿಗಿ ಐತಿ. ಯಾರು ಮಾಡಿದ್ದು?"

ನಾನು ಅಭ್ಯಾಸಬಲದಿಂದ ಸುನಂದಾಳ ಮುಖ ನೋಡಿದೆ. ಅವಳು ಮುದುಕರ ಕಡೆಗೆ ತಿರುಗಿ, "ಇವ್ರs ಮಾಡ್ಯಾರ," ಎಂದಳು.

ಮುದುಕರಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ನಮ್ಮ ಮನ್ಯಾಗ ನೂಲೂದು, ನೇಯೂದು ಎಲ್ಲಾ ಗಂಡಸರs," ಎಂದು ಹೇಳಿ, ಕದಿರು ತಿರುಗಿಸುತ್ತ ಕುರಿಗಳ ಹಿಂದೆ ಹೋದರು. ಸುನಂದಾ ಬಹಳ ಹೊತ್ತು ಅವರ ಬೆನ್ನನ್ನೇ ನೋಡುತ್ತಿದ್ದಳು. ನಾನೂ ನೋಡುತ್ತ ಯೋಚಿಸಿದೆ: ಚಳಿಯನ್ನು ತಡೆಯುವ ಕೆಲಸಕ್ಕೆ ಇದು ಗಂಡಿನದು, ಅದು ಹೆಣ್ಣಿನದು ಎಂಬ ಗೆರೆಯನ್ನು ಎಳೆದವರು ಯಾರೋ; ನಮ್ಮ ಕಡೆಯ ಕಂಬಳಿಗಳಿಗಂತೂ ಆ ಗೆರೆ ಗೊತ್ತಿಲ್ಲ. ಇಷ್ಟು ವರ್ಷ ಬಾಯಲ್ಲಿ ಆಡದ ಒಂದು ಅಭಿಮಾನ ಆ ದಿನ ನನ್ನೊಳಗೆ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತು.

ಸಂಕ್ರಾಂತಿಗೆ ಕರೂರಿಗೆ ಹೋದೆವು. ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾನು ಎಂದಿನಂತೆ ಚೀಲ ಚಾಚಿದರೆ ಅವಳು ಇಸಿದುಕೊಳ್ಳಲಿಲ್ಲ. "ನಿಮ್ಮ ಹತ್ರನs ಇರಲಿ," ಎಂದಳು. ನನಗೆ ಅರ್ಥವಾಗಲಿಲ್ಲ.

ಮರುದಿನ ಬೆಳಗ್ಗೆ ಅಂಗಳದಲ್ಲಿ ಎಳೆಬಿಸಿಲು ಬಿದ್ದಿತ್ತು. ಮಾವ ಕಂಬಕ್ಕೆ ಒರಗಿದ್ದರು, ಈರಣ್ಣ ಗದ್ದೆಗೆ ಹೊರಟು ನಿಂತಿದ್ದ, ಸುನಂದಾಳ ಅತ್ತಿಗೆ ಒಲೆಯ ಮುಂದಿದ್ದರು. ಸುನಂದಾ ಒಳಗಿನಿಂದ ನನ್ನ ಚೀಲವನ್ನು ತಂದು, ಎಲ್ಲರ ಎದುರಿಗೆ ಕಡ್ಡಿ, ಉಂಡೆ, ಮುಗಿಯದ ಸ್ವೆಟರು ಎಲ್ಲವನ್ನೂ ಚಾಪೆಯ ಮೇಲೆ ಇಟ್ಟಳು.

"ಅಪ್ಪಾಗ ಕಲಿಸಿ ಕೊಡ್ರಿ," ಎಂದಳು ನನಗೆ.

ಈರಣ್ಣ ಸ್ವೆಟರನ್ನೂ ನನ್ನನ್ನೂ ನೋಡಿದ. "ಬಾವ, ಇದು ನೀವು ಹೆಣಿಯೂದೇನು?"

ನಾನು ಬಾಯಿ ತೆರೆಯುವ ಮೊದಲೇ ಸುನಂದಾ ಹೇಳಿದಳು: "ಹೂಂ ಅಣ್ಣ. ಆರು ವರ್ಷ ಆತು. ಕೈ ಮುರಿದಾಗ ಡಾಕ್ಟರು ಮೂಳಿ ಕೂಡ್ಸಿದ್ರು, ಬೆರಳು ಬಂದಿದ್ದು ಇದರಿಂದ. ನೀನು ನಗ್ತಿ ಅಂತ ನಾನs ಮುಚ್ಚಿಟ್ಟಿದ್ದೆ. ಈಗ ನಗಬೇಕು ಅಂದ್ರ ನಕ್ಕುಬಿಡು."

ಈರಣ್ಣ ನಗಲಿಲ್ಲ. ಮಾವ ನನ್ನ ಬಲಗೈಯನ್ನು ತಮ್ಮ ಎಡಗೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದರು, ಕೊಳ್ಳುವ ಮುಂಚೆ ಎತ್ತಿನ ಕಾಲು ಪರೀಕ್ಷಿಸುವವರ ಹಾಗೆ.

"ಎಷ್ಟು ದಿನ ಹಿಡೀತ್ರಿ ಅಳಿಯಂದಿರ?"

"ನಾಕು ತಿಂಗಳ್ರಿ ಮಾವ."

ಅವರು ನನ್ನ ಕೈ ಬಿಟ್ಟರು. "ನಾಕು ತಿಂಗಳು ಅಂದ್ರ ಒಂದು ಬೆಳಿ," ಎಂದರು. ಭತ್ತ ನಾಟಿಯಾಗಿ ಕೊಯ್ಲಿಗೆ ಬರುವಷ್ಟು ಕಾಲ. ಐವತ್ತು ವರ್ಷ ಗದ್ದೆ ಮಾಡಿದ ಮನುಷ್ಯನಿಗೆ ಕಾಯುವುದು ಎಂದರೇನೆಂದು ನಾನು ಹೇಳಿಕೊಡಬೇಕಿರಲಿಲ್ಲ. ಮುದುಡಿದ ಕೈಯನ್ನು ಮೊದಲ ಸಲ ಎಲ್ಲರೆದುರು ಚಾಚಿ, "ತರ್ರಿ," ಎಂದರು.

ಮೊದಲ ಮೂರು ದಿನ ಸುಲಭವಾಗಿರಲಿಲ್ಲ. ಸಣ್ಣ ಕಡ್ಡಿ ಅವರ ಬೆರಳಿಗೆ ಸಿಗುತ್ತಲೇ ಇರಲಿಲ್ಲ; ಸಿಟ್ಟು ಬಂದು ಒಮ್ಮೆ ಅಂಗಳಕ್ಕೆ ಬೀಸಿದಾಗ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಆ ಸಂಜೆ ಈರಣ್ಣ ಗದ್ದೆಯಿಂದ ಬರುವಾಗ ಹಸಿ ಬಿದಿರಿನ ತುಂಡೊಂದನ್ನು ತಂದ. ಕಟ್ಟೆಯ ಮೇಲೆ ಕೂತು ಕುಡುಗೋಲಿನಿಂದ ಕೆತ್ತಿ, ಹೆಬ್ಬೆರಳಿನ ಗಾತ್ರದ ಎರಡು ಕಡ್ಡಿ ಮಾಡಿ, ಮರಳುಕಾಗದ ಇಲ್ಲದ್ದಕ್ಕೆ ಹಂಚಿನ ಚೂರಿನಿಂದ ಉಜ್ಜಿ ನುಣುಪು ಮಾಡಿ ನನ್ನ ಮುಂದಿಟ್ಟು, "ಇಷ್ಟು ದಪ್ಪ ಆದ್ರ ನಡೀತೈತೇನು ಬಾವ?" ಎಂದ. ನಡೆಯಿತು. ಮಾವನವರ ಎಡಗೈಗೆ ನೆನಪಿತ್ತು. ಹರೆಯದಲ್ಲಿ ಪುಂಡಿ ನಾರು ಹೊಸೆದು ಎತ್ತುಗಳ ಬಾಯಿಗೆ ಕಟ್ಟುವ ಬಲೆಗಳನ್ನು ಹೆಣೆದ ಕೈ ಅದು. ಎಡಗೈ ಮುಂದೆ ನಡೆದು ಬಲಗೈಯನ್ನು ಕರೆಯಿತು. ಬಲಗೈ ತಡವಾಗಿಯಾದರೂ ಹಿಂದೆ ಬಂತು. ನಾನು ಎರಡು ದಿನದ ರಜೆಯನ್ನು ಎಂಟು ದಿನಕ್ಕೆ ಬೆಳೆಸಿದೆ. ಬಳ್ಳಾರಿಗೆ ಮರಳಿದ ಮೇಲೂ ವಾರ ಬಿಟ್ಟು ವಾರ ಭಾನುವಾರದ ಬಸ್ಸು ಹಿಡಿದೆ. ಕುರುಗೋಡಿನ ಬಂಡೆ ನಮ್ಮನ್ನು ಆ ಬೇಸಿಗೆಯಲ್ಲಿ ಕಾಣಲೇ ಇಲ್ಲ.

ಎಲ್ಲವೂ ಹೆಣಿಗೆಯೊಂದರಿಂದಲೇ ಆಯಿತೆಂದು ಲ್ಯಾಬಿನವನಾದ ನಾನು ಹೇಳಲಾರೆ. ಔಷಧಿ ಇತ್ತು, ಸೊಸೆಯ ಆರೈಕೆ ಇತ್ತು, ಮಾವ ಫಿಸಿಯೋಥೆರಪಿಯವರ ಮಾತನ್ನು ಕೇಳಲಾರಂಭಿಸಿದ್ದೂ ಇತ್ತು. ಆದರೆ ಕಂಬಕ್ಕೆ ಒರಗಿ ಮುಖ ತಿರುಗಿಸಿಕೊಂಡಿದ್ದ ಮನುಷ್ಯ ಬೆಳಗ್ಗೆ ಎದ್ದ ಕೂಡಲೇ "ನನ್ನ ಕಡ್ಡಿ ಎಲ್ಲಿ" ಎಂದು ಕೇಳತೊಡಗಿದ್ದನ್ನು ಯಾವ ರಿಪೋರ್ಟಿನಲ್ಲಿ ಬರೆಯಲಿ? ಅವರು ಹೆಣೆದದ್ದು ಒಂದು ಪಟ್ಟಿ ಅಷ್ಟೇ. ಒಂದೆಡೆ ಅಗಲ, ಒಂದೆಡೆ ಕಿರಿದು, ನಡುವೆ ಕುಣಿಕೆ ತಪ್ಪಿದ ತೂತುಗಳು. ಓಣಿಯ ಹಿರಿಯರು ಕಟ್ಟೆಗೆ ಬಂದಾಗ ಅದನ್ನು ಮರೆಮಾಡಲಿಲ್ಲ. "ಹೊಲದಾಗೂ ಮೊದಲ ಸಾಲು ಸೊಟ್ಟನs ಇರ್ತೈತಿ," ಎನ್ನುತ್ತಿದ್ದರಂತೆ.

ಮೇ ತಿಂಗಳಲ್ಲಿ ಸುನಂದಾಳ ಶಾಲೆಗೆ ರಜೆ. ಒಂದು ದಿನ ಮಾವನವರೇ, "ರಾರಾವಿ ಹೊಳಿ ದಂಡಿಗೆ ಹೋಗಿ ಬರೋಣು," ಎಂದರು. ಮನೆಯವರಿಗೆಲ್ಲ ಅಚ್ಚರಿ. ಆ ಹೊಳೆಯ ದಂಡೆಗೆ ಅವರು ನೂರು ಸಲ ಹೋಗಿದ್ದರು, ಎತ್ತಿನ ಮೈ ತೊಳೆಯಲು, ಸತ್ತವರ ಕರ್ಮಕ್ಕೆ. ಸುಮ್ಮನೆ ಎಂದೂ ಹೋದವರಲ್ಲ. ಬಿಸಿಲು ಏರುವ ಮೊದಲೇ ನಾವು ಮೂವರು ಆಟೋದಲ್ಲಿ ಹೊರಟೆವು. ಬೇಸಿಗೆಯ ಹೊಳೆ ತೆಳ್ಳಗೆ ಹರಿಯುತ್ತಿತ್ತು. ದಂಡೆಯ ಮರದ ನೆರಳಿನಲ್ಲಿ ಮಾವ ಹೆಣೆಯುತ್ತ ಕೂತರು, ಪಕ್ಕದಲ್ಲಿ ನಾನು. ನಡುವೆ ಒಮ್ಮೆ ಅವರು, "ಕುಂತು ಮಾಡೋ ಕೆಲಸ ಇಷ್ಟು ಚಂದ ಅಂತ ಮೊದಲs ಗೊತ್ತಿದ್ರ," ಎಂದು ಅರ್ಧಕ್ಕೆ ನಿಲ್ಲಿಸಿ ನೀರು ನೋಡಿದರು.

ಸುನಂದಾ ಬುತ್ತಿ ಬಿಚ್ಚಿದಳು. ರೂಢಿಯಂತೆ ರೊಟ್ಟಿ ಮುರಿಯಲು ಹೋದಾಗ ಅವರು, "ಇಡು," ಎಂದರು. ಕಡ್ಡಿ ಕೆಳಗಿಟ್ಟು, ಬಲಗೈಯನ್ನು ಪಂಚೆಗೆ ಒರೆಸಿ, ರೊಟ್ಟಿಯ ಅಂಚನ್ನು ಹಿಡಿದರು. ಮೊದಲ ಸಲ ಜಾರಿತು. ನಾವಿಬ್ಬರೂ ನೋಡದವರಂತೆ ಕೂತೆವು. ಎರಡನೆಯ ಸಲ ಜೋಳದ ರೊಟ್ಟಿ ಮುರಿದ ಸಣ್ಣ ಸದ್ದು ಕೇಳಿಸಿತು. ಪಲ್ಯ ಸೇರಿಸಿ, ತಾವೇ ಬಾಯಿಗಿಟ್ಟುಕೊಂಡು, ಅವಸರವಿಲ್ಲದೆ ಅಗಿದರು.

ಅಷ್ಟರಲ್ಲಿ ಅವರ ಹಳೆಯ ಪರಿಚಯದ ರೈತರೊಬ್ಬರು ದಂಡೆಯ ಮೇಲೆ ಬಂದು ನಿಂತರು. "ಏನು ತಿಪ್ಪಣ್ಣ, ಇಲ್ಲಿ ಯಾವ ಕೆಲಸಕ್ಕ ಬಂದಿ?"

ಬೇರೆಯವರೆದುರು ಉಣ್ಣುವುದನ್ನು ನಿಲ್ಲಿಸುತ್ತಿದ್ದ ಮಾವ ಆ ದಿನ ನಿಲ್ಲಿಸಲಿಲ್ಲ. ಇನ್ನೊಂದು ತುತ್ತು ಮುರಿಯುತ್ತ ಹೇಳಿದರು: "ಕೆಲಸಕ್ಕಲ್ಲಪ್ಪ, ರಜಾಕ್ಕ ಬಂದೀನಿ. ಇವ್ರು ನಮ್ಮ ಅಳಿಯಂದ್ರು. ಈ ಹೆಣಿಗಿ ಐತಲ್ಲ, ನನಗ ಕಲಿಸಿದವರು ಇವ್ರs."

ಆ ರೈತರು ನನ್ನ ಕಡೆ ತಿರುಗಿ ಕೈ ಮುಗಿದರು. ನಾನೂ ಮುಗಿದೆ. ಸುನಂದಾ ಸೆರಗು ಸರಿಮಾಡಿಕೊಂಡು, ಅವರಿಗೂ ಒಂದು ರೊಟ್ಟಿ ತೆಗೆದು, "ಕುಂದರ್ರಿ ಕಾಕಾ, ಊಟ ಮಾಡ್ರಿ," ಎಂದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು.