‘ಇಲ್ಲ’ ಅಂದರೆ ಯಾವ ಇಲ್ಲ?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ನಿಂತರೂ ವಿರೋಧ ನಿಂತರೂ ಗೆದ್ದು ಬರುತ್ತಿದ್ದ ನನಗೆ, ಎಪ್ಪತ್ತರ ದಶಕದಲ್ಲಿ ಸಿಕ್ಕ ಮೊದಲ ಕೆಲಸ ಮಂಡ್ಯದ ಒಂದು ಸಮೀಕ್ಷೆ ಕಚೇರಿಯಲ್ಲಿ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮನೆಮನೆಯ ವಿವರ ಸಂಗ್ರಹಿಸಬೇಕಿತ್ತು. ಅದಕ್ಕೂ ಮೊದಲು, ಕೇಳುವ ಪ್ರತಿ ಸಂಗತಿಗೂ ಒಂದು ಹೆಸರು, ಬರಬಹುದಾದ ಉತ್ತರಗಳೇನು, ಯಾವ ಉತ್ತರಕ್ಕೆ ಯಾವ ಅಂಕಿ ಎಂದು ಪಟ್ಟಿಯಾಗಬೇಕು. ಲೆಕ್ಕ ಹಾಕುವ ಬೆಂಗಳೂರಿನ ಯಂತ್ರಕ್ಕೆ ತಿಳಿಯುವುದು ಅಂಕಿ ಮಾತ್ರ. ಆ ಪಟ್ಟಿಯ ಕೆಲಸ ನನ್ನದು.

ಜಮೀನು, ದನಕರು, ಓದು ಎಲ್ಲ ಸಲೀಸಾಗಿ ಮುಗಿಯಿತು. ‘ಗಂಡನ ಸ್ಥಿತಿ’ ಎಂಬಲ್ಲಿ ತಕರಾರು ಬಂತು. ಜೊತೆಯಲ್ಲಿದ್ದರೆ ಒಂದು, ಬೇರೆಡೆ ಇದ್ದರೆ ಎರಡು, ತೀರಿಕೊಂಡಿದ್ದರೆ ಮೂರು. ಕೆಳಗೆ ನಾನು ಒಂಬತ್ತು ಸೇರಿಸಿದೆ: ಗೊತ್ತಿಲ್ಲ. ಮೇಲಧಿಕಾರಿಗಳು ಹೊಡೆದುಹಾಕಿದರು. ಗಂಡ ಇದ್ದಾನೋ ಸತ್ತನೋ ತಿಳಿಯದ ಹೆಂಗಸು ಇರುತ್ತಾಳೇನ್ರೀ, ಇದನ್ನು ಉಳಿಸಿದರೆ ನಮ್ಮವರು ಬಿಸಿಲಿಗೆ ಬೇಸತ್ತು ಎಲ್ಲ ಕಡೆ ಒಂಬತ್ತೇ ಬರೆದು ತರುತ್ತಾರೆ ಎಂದರು. ಮಾತಿನಲ್ಲಿ ಹುರುಳಿತ್ತು. ನಾನು ಬಿಡಲಿಲ್ಲ. ನಮ್ಮ ಜನ ‘ಇಲ್ಲ’ ಅಂದರೆ ಮನೆಯಲ್ಲಿಲ್ಲ ಅಂತಲೂ ಆಗುತ್ತದೆ, ಸತ್ತ ಅಂತಲೂ ಆಗುತ್ತದೆ; ಎರಡೂ ತೀರ್ಮಾನವಾಗದಿದ್ದರೆ ಆ ಹೆಂಗಸನ್ನು ಎಲ್ಲಿ ಕೂರಿಸುತ್ತೀರಿ ಸಾರ್ ಎಂದು ಮಧ್ಯಾಹ್ನವೆಲ್ಲ ವಾದಿಸಿದೆ. ಸಾಕಾಗಿ ಒಪ್ಪಿದರು. ಹಾಗಾದರೆ ಹಾಳೆಯ ತಲೆಯಲ್ಲಿ ಒಂದು ನಿಯಮವನ್ನೂ ಬರಿ ಎಂದರು. ಬರೆದೆ: ಉತ್ತರ ಕೊಡುವವರು ಹೇಳಿದ್ದನ್ನೇ ದಾಖಲಿಸಬೇಕು, ಕೇಳುವವರ ಅಭಿಪ್ರಾಯ ಸೇರಿಸಕೂಡದು.

ಆ ವಾದ ಯಾರಿಗಾಗಿ ಎಂದು ನಾನು ಹೇಳಲಿಲ್ಲ. ಬಂಡೂರು ಹತ್ತಿರದ ಹಳ್ಳಿಯೊಂದಕ್ಕೆ ನಮ್ಮ ಚಿಕ್ಕವ್ವನನ್ನು ಕೊಟ್ಟಿತ್ತು. ಅವಳ ಗಂಡ ಮದ್ದೂರಿನಲ್ಲಿ ಬೆಲ್ಲದ ಲಾರಿ ಹತ್ತಿ ಹೋದ. ಲಾರಿ ವಾಪಸು ಬಂತು, ಚಿಕ್ಕಪ್ಪ ಬರಲಿಲ್ಲ. ದಾರಿಯಲ್ಲಿ ಟೀ ಕುಡಿಯಲು ಇಳಿದ, ಆಮೇಲೆ ಕಾಣಲಿಲ್ಲ ಎಂದಷ್ಟೇ ಡ್ರೈವರ್ ಹೇಳಿದ. ವರ್ಷಗಳು ಕಳೆದವು. ಚಿಕ್ಕವ್ವ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕಾಯುತ್ತಲೇ ಇದ್ದಳು. ಈಗ ಅವಳ ಗಂಡನ ಅಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು. ಇವಳು ಮುತ್ತೈದೆಯೋ ಅಲ್ಲವೋ, ಆರತಿ ತಟ್ಟೆ ಮುಟ್ಟಬಹುದೋ ಬಾರದೋ, ಮೊದಲು ತೀರ್ಮಾನವಾಗಲಿ ಎಂದು ಆ ಮನೆಯವರು ಪಟ್ಟು ಹಿಡಿದಿದ್ದರು.

ಸಮೀಕ್ಷೆಗೆ ಆ ಹಳ್ಳಿಯೂ ಬಿತ್ತು. ಗೊತ್ತಿಲ್ಲ ಎಂಬುದೂ ಒಂದು ಉತ್ತರವೇ ಎಂದು ಅಚ್ಚಾದ ಹಾಳೆ ತೋರಿಸಿ ಅವರ ಬಾಯಿ ಮುಚ್ಚಿಸುವ ಹುಮ್ಮಸ್ಸಿನಲ್ಲಿ ಬಸ್ಸು ಹತ್ತಿದೆ.

ಚಿಕ್ಕವ್ವ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮೊರದ ಸದ್ದಿತ್ತು, ಬಳೆಯ ಸದ್ದಿರಲಿಲ್ಲ. ಹಣೆ ಬರಿದಾಗಿತ್ತು. ಹಿಂದಿನ ವಾರ ಕೆರೆಯ ದಡದಲ್ಲಿ ಬಳೆ ಒಡೆಸಿ ಎಲ್ಲ ಮುಗಿಸಿದ್ದರಂತೆ. ಬೇರೇನೂ ತೋಚದೆ ಹಾಳೆ ಬಿಡಿಸಿದೆ. ಗಂಡನ ಸರದಿ ಬಂತು.

“ಇಲ್ಲ ಕಣ್ಮಗ,” ಅಂದಳು.

“ಇಲ್ಲ ಅಂದ್ರೆ ಯಾವ ಇಲ್ಲ, ಚಿಕ್ಕವ್ವ?”

“ಎಷ್ಟು ಥರದ ಇಲ್ಲ ಮಡೀಕಂಡಿದ್ದೀಯಪ್ಪ ನೀನು?”

ಓದಿ ಹೇಳಿದೆ. ಒಂಬತ್ತನ್ನು ಎರಡು ಸಲ ಓದಿದೆ. ಅದನ್ನು ನಿನಗೋಸ್ಕರವೇ ಸೇರಿಸಿದ್ದು ಅಂದೆ. ಅವಳು ಮೊರ ಕೆಳಗಿಟ್ಟಳು.

“ಗೊತ್ತಿಲ್ಲ ಗೊತ್ತಿಲ್ಲ ಅನ್ಕಂಡೇ ಇಷ್ಟು ವರ್ಸ ಬಾಗ್ಲು ನೋಡ್ದೆ ಕಣ್ಲಾ. ತಿರ್ಗ ಅದ್ನ ನನ್ ತಲೆ ಮ್ಯಾಲೆ ಒರಿಸ್ಬ್ಯಾಡ. ಮೂರು ಅಂತ ಬರ್ಕೊ.”

ಹೆಣ ಕಂಡವರು ಯಾರು, ಸಾಕ್ಷಿ ಎಲ್ಲಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ನಾನೇ ಬರೆದ ನಿಯಮ ಹಾಳೆಯ ತಲೆಯಲ್ಲಿತ್ತು. ಮೂರು ಬರೆದೆ.

“ಬರ್ದ್ಯಾ?”

ಬರೆದೆ ಅಂದೆ. ಚಿಕ್ಕವ್ವ ಮತ್ತೆ ಮೊರ ಎತ್ತಿಕೊಳ್ಳುವ ಮುಂಚೆ ಅಭ್ಯಾಸದಂತೆ ಬಳೆ ಹಿಂದಕ್ಕೆ ಸರಿಸಲು ಕೈ ಒಯ್ದಳು. ಬರಿ ಮಣಿಕಟ್ಟಿನ ಮೇಲೆ ಬೆರಳು ಒಂದು ಗಳಿಗೆ ಹಾಗೇ ನಿಂತಿತು.